ಬೆರಳಿಟ್ಟು ಓದಿದ ಮೂರು ವಾರ

ಪಾಸ್ಟರರನ್ನು ತಯಾರು ಮಾಡುವ ಬೆಟಗೇರಿಯ ಸೆಮಿನರಿಗೆ ಸೇರಿದ ದಿನವೇ ನಮಗೆ ಹೇಳಿಬಿಟ್ಟಿದ್ದರು: ಮೊದಲ ಎಂಟು ವಾರ ಗ್ರೀಕ್ ಬಿಟ್ಟರೆ ಬೇರೆ ಪಾಠವಿಲ್ಲ. ಕೊನೆಯ ದಿನ ಮೌಖಿಕ ಪರೀಕ್ಷೆ. ಸುವಾರ್ತೆಯ ಒಂದು ಭಾಗವನ್ನು ಅದರ ಮೂಲ ಗ್ರೀಕಿನಲ್ಲಿ ಓದಿ, ನಿಂತಲ್ಲೇ ಕನ್ನಡದಲ್ಲಿ ಹೇಳಬೇಕು. ಆಗದವರು ಹಾಸಿಗೆ ಸುತ್ತಿಕೊಂಡು ಮನೆಗೆ ಹೋಗಿ ಮುಂದಿನ ವರ್ಷ ಮತ್ತೆ ಬರಬೇಕು. ಹಾಗೆ ಹೋಗಲು ನನಗೆ ಮುಖವಿರಲಿಲ್ಲ. ಲಕ್ಷ್ಮೇಶ್ವರದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಅಪ್ಪ, ಮಗ ಪಾಸ್ಟರ್ ಆಗುತ್ತಾನೆಂದು ಬಂದ ಗಿರಾಕಿಗಳಿಗೆಲ್ಲ ಸಾರಿಬಿಟ್ಟಿದ್ದ. ಅದನ್ನೂ ಕೊರಳಿನ ಅಳತೆ ತೆಗೆಯುವಾಗಲೇ ಹೇಳುತ್ತಿದ್ದುದರಿಂದ ಯಾರೂ ತಪ್ಪಿಸಿಕೊಳ್ಳುವಂತಿರಲಿಲ್ಲ.

ಆದರೂ ಮೊದಲ ನಾಲ್ಕು ವಾರ ನನಗೆ ಭಯವೇನೂ ಇರಲಿಲ್ಲ, ಇದ್ದದ್ದು ಜಂಬ. ಸಂಡೇ ಸ್ಕೂಲಿನ ಬಾಯಿಪಾಠದ ಸ್ಪರ್ಧೆಗಳಲ್ಲಿ ನಾನು ಗೆದ್ದ ಸ್ಟೀಲ್ ತಾಟುಗಳಲ್ಲೇ ನಮ್ಮ ಮನೆಯವರೆಲ್ಲ ಉಣ್ಣುತ್ತಿದ್ದರು. ಕನ್ನಡ ಸುವಾರ್ತೆಗಳ ಅಧ್ಯಾಯಕ್ಕೆ ಅಧ್ಯಾಯವೇ ನನಗೆ ಬರುತ್ತಿತ್ತು. ಗ್ರೀಕ್ ಸಾಲಿನಲ್ಲಿ ಪರಿಚಯದ ಒಂದು ಹೆಸರೋ ಊರೋ ಕಣ್ಣಿಗೆ ಬಿದ್ದರೆ ಸಾಕು, ಅದು ಯಾವ ಭಾಗವೆಂದು ಗೊತ್ತಾಗಿ ಮಿಕ್ಕಿದ್ದನ್ನು ನಾಲಿಗೆ ತಾನಾಗಿ ಹೇಳಿಬಿಡುತ್ತಿತ್ತು. ತರಗತಿಯವರು ಬೆರಗಾಗುತ್ತಿದ್ದರು. ಅದು ಮೋಸವೆಂದು ನನಗೆ ಅನ್ನಿಸಲೇ ಇಲ್ಲ.

ನನ್ನ ಪಕ್ಕದಲ್ಲಿ ಅಸುಂಡಿಯ ಗೆಳೆಯ ಕೂರುತ್ತಿದ್ದ. ಹಿಂದೂ ರೈತರ ಮನೆಯವನು, ಸುವಾರ್ತೆಯನ್ನು ಕೈಯಲ್ಲಿ ಹಿಡಿದು ಎರಡು ವರ್ಷವಾಗಿತ್ತಷ್ಟೆ. ಮುಂದಿನ ಸಾಲಿನಲ್ಲಿ ಏನಿದೆಯೋ ಅವನಿಗೆ ತಿಳಿಯದು. ಒಂದೊಂದು ಪದದ ಕೆಳಗೂ ಬೆರಳಿಟ್ಟು, ಅಕ್ಕಿಯಲ್ಲಿ ಹರಳು ಆರಿಸಿದಂತೆ ಓದುತ್ತಿದ್ದ. ನೀನು ಮುಗಿಸುವಷ್ಟರಲ್ಲಿ ಶೇಂಗಾ ಬಿತ್ತಿ ಕೀಳಬಹುದು ಎಂದು ನಾನು ಎಲ್ಲರೆದುರು ಕಾಡಿಸಿದ್ದೆ. ಪಾಪ, ಅವನೂ ನಕ್ಕಿದ್ದ.

ಐದನೇ ವಾರದ ಒಂದು ಮುಂಜಾನೆ ಗ್ರೀಕ್ ಕಲಿಸುವ ಸರ್ ಹಲಗೆಯ ಮೇಲೆ ನಾಲ್ಕು ಸಾಲು ಬರೆದು ನನ್ನನ್ನು ಎಬ್ಬಿಸಿದರು. ಮುಂಡರಗಿ ಕಡೆಯವರು, ದನಿ ಏರಿಸಿದವರೇ ಅಲ್ಲ. ನಾನು ಹಲಗೆಯತ್ತ ಒಮ್ಮೆ ಕಣ್ಣಾಡಿಸಿ ಗಡಗಡ ಹೇಳಿ ಮುಗಿಸಿದೆ. ಕೊನೆಗೆ ಹೇಳಿದ್ದು ಎಲ್ಲಿದೆ, ಬಂದು ತೋರಿಸು ಎಂದರು. ಹಲಗೆಯ ಹತ್ತಿರ ಹೋಗಿ ಹುಡುಕಿದೆ. ಇರಲಿಲ್ಲ. ಅವರು ನಡುವೆಯೇ ಬರೆಯುವುದನ್ನು ನಿಲ್ಲಿಸಿದ್ದರು, ನಾನು ಅದನ್ನೂ ದಾಟಿ ಮುಂದಿನ ಎರಡು ವಾಕ್ಯ ಹೇಳಿಬಿಟ್ಟಿದ್ದೆ.

"ತಮ್ಮಾ, ನೀ ಇಷ್ಟ ದಿನ ಇಲ್ಲಿ ಒಂದ ಅಕ್ಷರಾನೂ ಓದಿಲ್ಲ," ಎಂದರು ಸರ್.

ಹೊರಗೆ ಮಗ್ಗಗಳ ಸದ್ದು ಕೇಳುತ್ತಿತ್ತು. ತರಗತಿಯಲ್ಲಿ ಯಾರೂ ನಗಲಿಲ್ಲ. ಅಸುಂಡಿಯವನೂ ನಗಲಿಲ್ಲ, ನನಗೆ ಸಿಟ್ಟು ಬಂದದ್ದು ಅದಕ್ಕೇ.

ಉಳಿದದ್ದು ಮೂರು ವಾರ. ಭಯ ಹುಟ್ಟಿದ್ದು ಆಗ. ಪದಗಳನ್ನು ಚೀಟಿಯಲ್ಲಿ ಬರೆದುಕೊಂಡು ಬಚ್ಚಲಿನ ಸರದಿಯಲ್ಲೂ ಊಟದ ಸರದಿಯಲ್ಲೂ ತಿರುವುತ್ತಿದ್ದೆ. ನಾಲಿಗೆ ಮಾತ್ರ ಕಣ್ಣಿಗಿಂತ ಮುಂದೆ ಓಡುವುದನ್ನು ಬಿಡಲಿಲ್ಲ. ನಾನು ಕೇಳದಿದ್ದರೂ ಅಸುಂಡಿಯವನು ಬಂದು ಕೂತು, ಸಾಲಿನ ಕೊನೆಯ ಪದದಿಂದ ಹಿಂದಕ್ಕೆ ಓದಿಸತೊಡಗಿದ. ಹಾಗೆ ಓದಿದರೆ ಬಾಯಿಪಾಠ ನೆರವಿಗೆ ಬರುತ್ತಿರಲಿಲ್ಲ. ಒಂದು ಸಂಜೆ ಸಿಟ್ಟು ನೆತ್ತಿಗೇರಿ ಚೀಟಿಗಳನ್ನೆಲ್ಲ ಅವನ ಮೇಲೆ ಎಸೆದೆ. ಅವನು ಆರಿಸಿಕೊಂಡು ಬಂದು ಮತ್ತೆ ಪಕ್ಕದಲ್ಲೇ ಕೂತ. ಅಂಥವನನ್ನು ಹಂಗಿಸಿದ್ದೆನಲ್ಲ ಎಂದು ನಾಚಿಕೆಯಾಯಿತು. ಕ್ಷಮಿಸು ಎನ್ನಲು ಬಾಯಿ ಬರಲಿಲ್ಲ, ಚೀಟಿ ಇಸಿದುಕೊಂಡು ಓದಿದೆ.

ಪರೀಕ್ಷೆಯ ದಿನ ಅಪ್ಪ ಮೊದಲ ಬಸ್ಸಿಗೇ ಬಂದು, ತಾನೇ ಹೊಲಿದ ಹೊಸ ಅಂಗಿಯಲ್ಲಿ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಒಳಗೆ ನಮ್ಮ ಸರ್ ಜೊತೆ ಹೊರಗಿನಿಂದ ಬಂದ ಪರೀಕ್ಷಕರೊಬ್ಬರಿದ್ದರು. ನನಗೆ ಬಂದದ್ದು ಬಿರುಗಾಳಿಗೆ ಸಿಕ್ಕ ದೋಣಿಯ ಭಾಗ. ಮೊದಲೆರಡು ಸಾಲು ಓದಿ ಹೇಳಿದೆ. ಮೂರನೆಯದರಲ್ಲಿ ಬೆರಳು ಒಂದು ಪದದ ಕೆಳಗೆ ನಿಂತುಬಿಟ್ಟಿತು. ಅದರ ಕನ್ನಡ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು, ಆ ಗ್ರೀಕ್ ಪದ ಮಾತ್ರ ನಾನು ಕಂಡದ್ದೇ ಅಲ್ಲ. ಹೇಳಿಬಿಟ್ಟಿದ್ದರೆ ಪರೀಕ್ಷಕರಿಗೆ ಗೊತ್ತಾಗುತ್ತಿರಲಿಲ್ಲ. ಸರ್ ತಲೆ ಬಗ್ಗಿಸಿ ತಮ್ಮ ಕಾಗದ ನೋಡುತ್ತಿದ್ದರು. ನಾನು ಬೆರಳನ್ನು ಆ ಪದದ ಕೆಳಗಿನಿಂದ ಸರಿಸಲಿಲ್ಲ.

"ಇದು ಗೊತ್ತಿಲ್ಲರಿ ಸರ್," ಅಂದೆ.

ಮುಂದಿನ ಸಾಲುಗಳಲ್ಲಿ ಅದೇ ಮಾತನ್ನು ಇನ್ನೂ ನಾಲ್ಕು ಸಲ ಹೇಳಬೇಕಾಯಿತು.

ಮಧ್ಯಾಹ್ನ ಪಾಸಾದವರ ಪಟ್ಟಿ ಅಂಟಿಸಿದರು. ಗೆಳೆಯನ ಹೆಸರಿತ್ತು, ನನ್ನದಿರಲಿಲ್ಲ. ಅಪ್ಪ ಮೇಲಿಂದ ಕೆಳಗೆ ಎರಡು ಸಲ ಓದಿದ. ಯಾವ ಭಾಗ ಕೊಟ್ಟಿದ್ದರೆಂದು ಕೇಳಿದ, ಹೇಳಿದೆ; ಐದು ಸಲ ಗೊತ್ತಿಲ್ಲ ಅಂದದ್ದನ್ನೂ ಹೇಳಿದೆ. ಅವನ ಮುಖ ಕಪ್ಪಿಟ್ಟಿತು.

"ಅದನ್ನ ನೀ ಸಣ್ಣಾಂವ ಇದ್ದಾಗ ನನ್ನ ಮಷಿನ್ ಮುಂದ ನಿಂತು ಪೂರ್ತಿ ಹೇಳ್ತಿದ್ದೆಲ್ಲೋ. ಗೊತ್ತಿದ್ದೂ ಸುಮ್ಮನ ನಿಂತಿಯೇನು?"

"ಗೊತ್ತಿದ್ದಿಲ್ಲಪ್ಪಾ," ಅಂದೆ. "ಬಾಯಿಪಾಠ ಇತ್ತು."