ಕಂಪ್ಯೂಟರ್ ಒಳಗೆ ಚಪ್ಪಲಿ ಬಿಟ್ಟ ಕಥೆ

"ಕಲಿಸೋಕೆ ನೀನ್ಯಾರು?" ಅಂತ ನಿಮ್ಮನ್ನ ಯಾರಾದ್ರೂ ನೇರವಾಗೇ ಕೇಳಿದ್ದುಂಟಾ? ನನ್ನನ್ನ ಕೇಳಿದ್ರು. ಅದೂ ಇಲ್ಲದೇ ಇರೋ ಊರಲ್ಲಿ.

ತೊಂಬತ್ತರ ದಶಕದ ಶುರು. ಇಂಟರ್ನೆಟ್ಟು ಅನ್ನೋ ಪದಾನೇ ನಾವು ಕೇಳಿರಲಿಲ್ಲ. ನಾನು ಕುರ್ಲಾದ ಒಂದು ಚಾಳಿನ, ಅಂದ್ರೆ ವಠಾರದ, ಹುಡುಗಿ, ಸಯನ್‌ನಲ್ಲಿ ಒಬ್ಬ ಆರ್ಕಿಟೆಕ್ಟ್ ಆಫೀಸಲ್ಲಿ ಟೈಪಿಸ್ಟು. ಡಿಸೈನ್ ಕಾಲೇಜಿನೋರು ಇಂಟರ್‌ವ್ಯೂನಲ್ಲೇ ವಾಪಸ್ ಕಳಿಸಿದ್ರು. ಆ ಉರಿ ಇನ್ನೂ ಆರಿರಲಿಲ್ಲ.

ಆಗ ವಡಾಲದಲ್ಲಿ ಧಾರವಾಡ ಕಡೆಯ ಒಬ್ಬರು ಮನೆ ಕಂಪ್ಯೂಟರನ್ನ ಫೋನ್ ಲೈನಿಗೆ ಸಿಕ್ಕಿಸಿ, ಅದರೊಳಗೆ ಒಂದು ಊರು ಮಾಡಿದ್ರು. ನಾವು ಆಫೀಸ್ ಕಂಪ್ಯೂಟರಿಂದ ಫೋನ್ ಹಚ್ಚಿ ಒಳಗೆ ಹೋಗೋದು. ಚಿತ್ರ ಗಿತ್ರ ಇಲ್ಲ, ಬರೀ ಅಕ್ಷರ. ಒಬ್ಬೊಬ್ಬರಿಗೂ ಒಂದು ಸೈಟು. ಮನೆ ಹೇಗಿದೆ ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿದ್ರೆ ಮನೆ ಕಟ್ಟಿದ ಹಾಗೆ. ಲೈನು ಒಂದೇ ಆದ್ರಿಂದ ಒಂದು ಸಲಕ್ಕೆ ಒಬ್ಬರೇ ಒಳಗೆ. ಯಾವಾಗ ಹೋದ್ರೂ ಊರು ಬಿಕೋ ಅನ್ನೋದು.

ಎಲ್ಲರೂ ಕಟ್ಟಿದ್ದು ಬಂಗಲೆಗಳೇ. ಒಬ್ಬ ಮಹಾಶಯ ಸ್ವಿಮ್ಮಿಂಗ್ ಪೂಲ್ ಇಟ್ಟಿದ್ದ, ಬಾಗಿಲು ಇಡೋಕೆ ಮರೆತಿದ್ದ! ಇವರಿಗೆ ಯಾರಾದ್ರೂ ಕಲಿಸಬೇಕು ಅನ್ನಿಸ್ತು. ನನ್ನ ಸೈಟಲ್ಲಿ ಡಿಸೈನ್ ಸ್ಕೂಲ್ ತೆಗೆದೆ. ಯಾರ ಪರ್ಮಿಶನ್ನೂ ಕೇಳಲಿಲ್ಲ.

ಬಾಗಿಲಲ್ಲಿ, ಚಾಳಿನ ಅಭ್ಯಾಸ ನೋಡಿ, "ಚಪ್ಪಲಿ ಹೊರಗೆ ಬಿಡಿ" ಅಂತ ಬರೆದುಬಿಟ್ಟೆ. ಮೊದಲು ಬಂದವರೆಲ್ಲ "ಹ್ಹ ಹ್ಹ" ಅಂತ ಟೈಪ್ ಮಾಡಿ ಹೋದ್ರು. ಆದ್ರೆ ಒಬ್ಬಳು ಅದರ ಕೆಳಗೆ ಬರೆದಳು: "ನನ್ನ ಕೊಲ್ಹಾಪುರಿ, ಒದ್ದೆಯಾಗಿದೆ." ಆಮೇಲೆ ಬಂದವನು: "ಬಾಟಾ ಅಲ್ಲ, ಫುಟ್‌ಪಾತ್ ಮಾಲು." ಸಾಲು ಬೆಳೀತು. ಯಾರೂ ಎದುರಾಗದ ಊರಲ್ಲಿ ಯಾರ್ಯಾರು ಬಂದು ಹೋದ್ರು ಅಂತ ಬಾಗಿಲಲ್ಲೇ ಕಾಣ್ತಿತ್ತು. ಅದೇ ನನ್ನ ಮೊದಲ ಪಾಠ ಆಯ್ತು. ತೂಗುದೀಪ, ಝೂಮರ್ ಎಲ್ಲ ಆಮೇಲೆ, ಬಂದವರು ಚಪ್ಪಲಿ ಎಲ್ಲಿ ಬಿಡ್ತಾರೆ ಅನ್ನೋದನ್ನ ಮೊದಲು ಹೇಳಿ.

ಊರು ಮಾಡಿದ ಆ ಧಾರವಾಡದ ಯಜಮಾನರ ಫೋನ್ ಬಂತು.

"ತಂಗಿ, ಡಿಗ್ರಿ ಎಲ್ಲೈತಿ ನಿಂದು? ಸಾಲಿ ತೆಗಿಯಾಕ ಹೊಂಟೀಯಲ್ಲ! ದೊಡ್ಡ ದೊಡ್ಡ ಮಂದಿ ಮೆಂಬರ್ ಅದಾರ, ನಗ್ತಾರ."

"ನಗಲಿ ಬಿಡಿ ಸಾರ್. ಅವರ ಮನೆಗೆ ಬಾಗಿಲೇ ಇಲ್ಲ."

ಮಾರನೇ ದಿನ ನೋಡಿದ್ರೆ ಸ್ಕೂಲೇ ಇಲ್ಲ. ಅಳಿಸಿಬಿಟ್ಟಿದ್ರು. ನಾನು ಅತ್ತೆನಾ? ಇಲ್ಲಪ್ಪ. ಖಾಲಿ ಸೈಟಲ್ಲಿ ಒಂದೇ ಸಾಲು ಟೈಪ್ ಮಾಡಿದೆ: "ಸ್ಕೂಲ್ ಸ್ಥಳ ಬದಲಾಗಿದೆ. ಚಪ್ಪಲಿ ಯಜಮಾನರ ಬಾಗಿಲಲ್ಲಿ ಬಿಡಿ."

ಬಿಟ್ಟರು ನೋಡಿ! ಕೊಲ್ಹಾಪುರಿ, ಹವಾಯಿ, ಗಮ್ ಬೂಟು, ಯಾರೋ ಒಬ್ಬರದು ಮದುವೆಮನೇಲಿ ಜೋಡಿ ಕಳೆದುಹೋದ ಒಂಟಿ ಚಪ್ಪಲಿ.

ಮತ್ತೆ ಫೋನ್. "ಏನವಾ ಇದು, ನನ್ನ ಮನಿ ಮುಂದ, ಮಠದ ಮುಂದ ಬಿಟ್ಟಂಗ?"

"ಸಾಲಿ ಬೇಡ ಅಂದ್ರಲ್ಲ ಸಾರ್. ಇದು ಬರೀ ಸಾಲು."

"ಬಾಯಿ ಭಾಳ ಐತಿ ನಿಂದು. ಕ್ಲಬ್ ಅಂತ ಬೋರ್ಡ್ ಹಾಕು, ಬಿಡ್ತೀನಿ."

"ಸ್ಕೂಲ್ ಅಂತಲೇ ಹಾಕ್ತೀನಿ."

"...ಹಾಕವಾ. ಮೊದ್ಲ ಈ ಚಪ್ಲಿ ತೆಗೆಸು."

ಮತ್ತೆ ಮೊದಲಿಂದ ಟೈಪ್ ಮಾಡಿ ಕಟ್ಟಿದೆ, ಬೋರ್ಡಲ್ಲಿ ಸ್ಕೂಲ್ ಅಂತಲೇ ಬರೆದೆ. ಯಜಮಾನರು ಮಾತ್ರ ಕೊನೆವರೆಗೂ ಒಳಗೆ ಬರಲಿಲ್ಲ. ಬೇಡ ಬಿಡಿ, ಬನ್ನಿ ಅಂತ ಕರೆದಿದ್ದು ಯಾರು?

ನಿಮ್ಮನ್ನ ಯಾರು "ನೀನ್ಯಾರು" ಅಂತ ಕೇಳಿದ್ರು, ನೀವೇನು ಮಾಡಿದ್ರಿ? ಕೆಳಗೆ ಬರೀರಿ. ಯಾವ ಚಪ್ಪಲಿ ಬಿಟ್ಟು ಬಂದ್ರಿ ಅನ್ನೋದನ್ನೂ ಬರೀರಿ.