ರೈಟ್ ಹಾಕಿದ ಮೇಲೆ ಏನು?

ಹೋದ ಭಾನುವಾರ ಜಯನಗರದ ಒಂದು ಮನೆಯಲ್ಲಿ ಎಲ್ಲರಿಗೂ ಕಾಫಿ ಬಂತು. ನನಗೆ ಮಾತ್ರ ಹಾಲು ಬಂತು.

ಅದೂ ಎಂಥ ಕಾಫಿ! ಮನೆಯಲ್ಲೇ ಬೀಜ ಹುರಿದು ಪುಡಿ ಮಾಡಿದ್ದು. ಪಕ್ಕದಲ್ಲಿ ಕೂತಿದ್ದ ಅಪ್ಪನ ಲೋಟದಿಂದ ಎದ್ದ ಹಬೆ ಬೇರೆಲ್ಲೂ ಹೋಗದೆ ನೇರವಾಗಿ ನನ್ನ ಮೂಗಿಗೇ ಬರುತ್ತಿತ್ತು. ನಾನು ಎರಡೂ ಕೈಯಲ್ಲಿ ಹಾಲಿನ ಲೋಟ ಹಿಡಿದು, ಈಗಷ್ಟೇ ಜ್ವರ ಬಿಟ್ಟವನಂತೆ ಕೂತಿದ್ದೆ.

“ನೀವು ಕಾಫಿ ಬಿಟ್ಟಿದ್ದೀರಲ್ಲ,” ಎಂದರು ಆ ಮನೆಯ ಯಜಮಾನರು, ಬಹಳ ಗೌರವದಿಂದ. “ನಿಮ್ಮ ಅಂಕಣ ನಾವು ಒಂದು ವಾರಾನೂ ತಪ್ಪಿಸಲ್ಲ.”

ನೀವೂ ತಪ್ಪಿಸಿಲ್ಲವಾದರೆ ನಿಮಗೂ ನೆನಪಿರಬೇಕು. ಯುಗಾದಿಯ ವಾರ ಇದೇ ಜಾಗದಲ್ಲಿ ನಾನು ಜಂಬದಿಂದ ಅಚ್ಚು ಹಾಕಿಸಿದ ಪಟ್ಟಿ: ಇಪ್ಪತ್ತೆಂಟು ವರ್ಷ ತುಂಬುವುದರೊಳಗೆ ಮಾಡಿ ಮುಗಿಸಬೇಕಾದ ಹನ್ನೆರಡು ಕೆಲಸಗಳು. ಈಜು, ಸಂಗೀತ, ನಂದಿಬೆಟ್ಟದ ಸೂರ್ಯೋದಯ, ಇತ್ಯಾದಿ. ಮುಗಿದದ್ದಕ್ಕೆ ಡೈರಿಯಲ್ಲಿ ಕೆಂಪು ಶಾಯಿಯ ರೈಟ್ ಗುರುತು, ಪಕ್ಕದಲ್ಲಿ ತಾರೀಖು. ಆಗಲೇ ಏಳಕ್ಕೆ ರೈಟ್ ಬಿದ್ದಿದೆ ಎಂದೂ ಬರೆದಿದ್ದೆ.

ಕಾಫಿ ಬಿಡುವುದು ಆರನೆಯ ಕೆಲಸ. ಬಿಟ್ಟದ್ದು ನಿಜ. ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಒಂದು ಗುಟುಕೂ ಮುಟ್ಟಲಿಲ್ಲ. ನಲವತ್ತೊಂಬತ್ತನೆಯ ದಿನ ಬೆಳಿಗ್ಗೆ ಎದ್ದು ರೈಟ್ ಹಾಕಿದೆ. ಆ ಸಂತೋಷಕ್ಕೆ ಒಂದು ಲೋಟ ಕಾಫಿ ಕುಡಿದೆ. (ಈಗ ದಿನಕ್ಕೆ ಐದು. ಇದನ್ನು ಪತ್ರಿಕೆಗೆ ಬರೆಯಲಿಲ್ಲ. ಯಾರೂ ಕೇಳಲೂ ಇಲ್ಲ.)

ಹಾಲು ಕುಡಿದೆ. ಬೇರೆ ದಾರಿ ಏನಿತ್ತು?

ಆ ಮನೆಗೆ ನಾವು ಹೋದದ್ದು ಹೆಣ್ಣು ನೋಡಲು. ನಾನು, ಅಪ್ಪ, ಅಮ್ಮ. ಪಟ್ಟಿಯಲ್ಲಿ ಮದುವೆ ಒಂಬತ್ತನೆಯದು. ಎಂಟನೆಯದು ಟೈಪಿಂಗ್ ಸೀನಿಯರ್ ಪರೀಕ್ಷೆ, ಹತ್ತನೆಯದು ಮಳೆಗಾಲದ ಜೋಗ. ಎರಡರ ನಡುವೆ ಮದುವೆ. ಇಪ್ಪತ್ತೆಂಟು ತುಂಬಲು ಉಳಿದಿರುವುದು ನಾಲ್ಕೇ ತಿಂಗಳು. ಹಾಗಾಗಿ ವಿಲ್ಸನ್ ಗಾರ್ಡನ್ನಿನ ನಮ್ಮ ಮನೆಯಿಂದ ಹೊರಟಾಗ ನನ್ನ ತಲೆಯಲ್ಲಿದ್ದದ್ದು ಹುಡುಗಿಯಲ್ಲ, ಗಡುವು.

ಜಯನಗರವನ್ನು ನೀವು ಇನ್ನೂ ನೋಡಿಲ್ಲವಾದರೆ ನೋಡಬೇಕು. ಈಗಷ್ಟೇ ಏಳುತ್ತಿರುವ ಬಡಾವಣೆ. ರಸ್ತೆಗೆ ನಂಬರಿದೆ, ರಸ್ತೆಯಿಲ್ಲ. ಮನೆಗೆ ನಂಬರಿದೆ, ಪಕ್ಕದಲ್ಲಿ ಮನೆಯಿಲ್ಲ. ಬ್ಲಾಕು, ಮೇನು, ಕ್ರಾಸು, ಎಲ್ಲಕ್ಕೂ ಸಂಖ್ಯೆ. ನನ್ನಂಥವನಿಗೆ ಸ್ವರ್ಗ. ಬಸ್ಸಿಳಿದು ಖಾಲಿ ಸೈಟುಗಳಲ್ಲಿ ಮೇಯುತ್ತಿದ್ದ ಎಮ್ಮೆಗಳನ್ನು ಸುತ್ತಿ ಬಳಸಿ ನಡೆಯುತ್ತಾ, ಇಂಥ ಕಡೆ ಇರುವ ಹುಡುಗಿಗೆ ಪಟ್ಟಿಯ ಬೆಲೆ ಗೊತ್ತಿರುತ್ತದೆ ಎಂದುಕೊಂಡೆ.

ಗೊತ್ತಿತ್ತು. ನನಗಿಂತ ಚೆನ್ನಾಗಿಯೇ ಗೊತ್ತಿತ್ತು.

(ಆಕೆಯ ಹೆಸರು ಬರೆಯುವುದಿಲ್ಲ. ಕ್ರಾಸಿನ ನಂಬರೂ ಬರೆಯುವುದಿಲ್ಲ. ಹುಡುಗಿಯರ ಮಿಡ್ಲ್ ಸ್ಕೂಲಿನಲ್ಲಿ ಲೆಕ್ಕದ ಟೀಚರ್ ಎಂದಷ್ಟೇ ತಿಳಿಯಿರಿ.)

ಹಾಲು ಮುಗಿದ ಮೇಲೆ ಅಮ್ಮ ಪದ್ಧತಿಯಂತೆ, “ಒಂದು ಹಾಡು ಹೇಳಮ್ಮ,” ಎಂದರು. ಹುಡುಗಿ ಗಂಟಲು ಕೆಟ್ಟಿದೆ ಎನ್ನಲಿಲ್ಲ, ಸೆರಗಿನ ಅಂಚು ಸುತ್ತಲಿಲ್ಲ. ಒಂದು ದೇವರನಾಮ ಹಾಡಿ ಮುಗಿಸಿದಳು. ಚೆನ್ನಾಗಿತ್ತು. ನಾನು ತಲೆದೂಗಿದೆ. ತಲೆದೂಗಿದ್ದೇ ತಪ್ಪಾಯಿತು.

“ಹುಡುಗನೂ ಒಂದು ಹಾಡ್ಲಿ,” ಎಂದರು ಗೋಡೆಗೆ ಒರಗಿ ಕೂತಿದ್ದ ಹುಡುಗಿಯ ಅಜ್ಜಿ.

“ಅಮ್ಮಾ! ಸುಮ್ನಿರಮ್ಮ,” ಎಂದರು ಯಜಮಾನರು.

“ಯಾಕೆ ಸುಮ್ನಿರಬೇಕು? ಸಂಗೀತ ಕಲ್ತಿದ್ದೀನಿ ಅಂತ ಇವರೇ ಬರೆದಿಲ್ವಾ? ಮೊಮ್ಮಗಳು ಓದಿ ಹೇಳಿದ್ಲು. ನನಗೆ ಕಣ್ಣು ಮಂಜು, ಕಿವಿ ಮಂಜಲ್ಲ. ಹಾಡಪ್ಪ, ನಾಚ್ಕೋಬೇಡ.”

ಸಂಗೀತ ನಾಲ್ಕನೆಯ ಕೆಲಸ. ಮೂರು ತಿಂಗಳು ಪಾಠಕ್ಕೆ ಹೋಗಿದ್ದೆ. ಮೂರು ತಿಂಗಳಲ್ಲಿ ಮೇಷ್ಟ್ರು ಹೇಳಿಕೊಟ್ಟದ್ದು ಸರಳೆ ವರಸೆ, ಅಂದರೆ ಸಂಗೀತದ ಅಆಇಈ. ರೈಟ್ ಹಾಕಲು ಅಷ್ಟು ಸಾಕೆಂದು ನಾನೇ ತೀರ್ಮಾನಿಸಿದ್ದೆ. ಹುಡುಗಿಯನ್ನು ನೋಡಲು ಬಂದ ಗಂಡು, ಹುಡುಗಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು “ಸರಿಗಮ ಪದನಿಸ” ಎಂದು ಒಪ್ಪಿಸಿದ್ದನ್ನು ನೀವು ಕೇಳಿದ್ದೀರಾ? ಬೆಂಗಳೂರಿನಲ್ಲಿ ನಾನೇ ಮೊದಲಿಗನಿರಬೇಕು.

ಮೊದಲನೆಯ ಕಾಲ ಹಾಡಿದೆ. ಅಜ್ಜಿ, “ಹ್ಞೂಂ,” ಎಂದರು. ಅದರ ದುಪ್ಪಟ್ಟು ವೇಗದ ಎರಡನೆಯ ಕಾಲ ಹಾಡಿದೆ. ಅಪ್ಪ ಕಿಟಕಿಯಾಚೆ ಎಮ್ಮೆ ನೋಡತೊಡಗಿದರು. ನಿಲ್ಲಿಸಬಹುದಿತ್ತು. ಆದರೆ ಪದ್ಧತಿ ಎಂದರೆ ಪದ್ಧತಿ. ಮೂರನೆಯ ಕಾಲಕ್ಕೂ ಏರಿದೆ. ಇಳಿದು ಬರುವಾಗ ‘ದ’ ಮತ್ತು ‘ಪ’ಗಳ ನಡುವೆ ಎಲ್ಲೋ ಮುಗ್ಗರಿಸಿದೆ.

ಆಗ ನೋಡಿದೆ. ಹುಡುಗಿ ತೊಡೆಯ ಮೇಲೆ ಮೆಲ್ಲಗೆ ತಾಳ ಹಾಕುತ್ತಿದ್ದಳು. ನಾನು ಮುಗ್ಗರಿಸಿದ ಕಡೆ ಆಕೆಯ ಕೈ ನಿಂತಿತು. ನಗಲಿಲ್ಲ. ಕಾದಳು. ನಾನು ಸ್ವರ ಹಿಡಿದ ಮೇಲೆ ಕೈ ಮತ್ತೆ ಇಳಿಯಿತು.

ಗಡುವು ಗಿಡುವು ಎಲ್ಲ ಆ ಕ್ಷಣಕ್ಕೆ ಮರೆತುಹೋಯಿತು. ಈ ಹುಡುಗಿ ಹ್ಞೂಂ ಅನ್ನಬೇಕು ಎನ್ನಿಸಿತು. ಇದುವರೆಗೆ ಯಾವುದಕ್ಕೂ ಹಾಗನ್ನಿಸಿರಲಿಲ್ಲ. ಟೈಪಿಂಗಿಗಂತೂ ಇಲ್ಲವೇ ಇಲ್ಲ.

“ಶ್ರುತಿ ಪರವಾಗಿಲ್ಲ,” ಎಂದರು ಅಜ್ಜಿ. “ಹಾಡು ಎಲ್ಲಿ?”

“ಹಾಡಿನ ತನಕ ಹೋಗ್ಲಿಲ್ಲ ಅಜ್ಜಿ.”

“ಈಗಲೂ ಪಾಠಕ್ಕೆ ಹೋಗ್ತಿದ್ದೀಯೇನಪ್ಪ?”

“ಇಲ್ಲ. ರೈಟ್ ಹಾಕಿದ ಮೇಲೆ ಬಿಟ್ಟೆ.”

ಈ ಉತ್ತರ ಕೊಡುವಾಗ ನನಗೆ ಏನೂ ಅನ್ನಿಸಲಿಲ್ಲ. ಆದರೆ ಹುಡುಗಿ ತಲೆಯೆತ್ತಿದಳು.

“ಈಜು?” ಎಂದಳು.

“ಕಲಿತೆ. ಸಾರಕ್ಕಿ ಕಡೆ ಒಂದು ತೋಟದ ಬಾವಿಯಲ್ಲಿ. ಈ ಗೋಡೆಯಿಂದ ಆ ಗೋಡೆಗೆ ಹೋಗಿದ್ದೀನಿ.”

“ಆಮೇಲೆ?”

“ಆಮೇಲೆ ಮೈ ಒರೆಸ್ಕೊಂಡು ಮನೆಗೆ ಬಂದೆ.”

“ಅಲ್ಲ, ಆಮೇಲೆ ಮತ್ತೆ ಯಾವತ್ತಾದ್ರೂ ನೀರಿಗೆ ಇಳಿದ್ರಾ?”

“ಇಲ್ಲ.”

“ನಂದಿಬೆಟ್ಟ?”

“ಒಂದು ಸಲ.” (ಅವತ್ತು ದಟ್ಟ ಮಂಜಿತ್ತು, ಸೂರ್ಯ ಕಾಣಲಿಲ್ಲ. ಹುಟ್ಟಿರುವುದಂತೂ ಖಂಡಿತ ಎಂದು ರೈಟ್ ಹಾಕಿದ್ದೆ. ಇದನ್ನು ಆಕೆಗೆ ಹೇಳಲಿಲ್ಲ.)

ಆಕೆಯ ತಂದೆ ಕೆಮ್ಮಿದರು. ಹುಡುಗಿ ಆ ಕಡೆ ನೋಡಲಿಲ್ಲ. ದನಿ ಏರಿಸಲೂ ಇಲ್ಲ. ಲೆಕ್ಕ ಅರ್ಥವಾಗದ ಮಗುವಿಗೆ ಹೇಳುವಂತೆ ನಿಧಾನವಾಗಿ ಹೇಳಿದಳು:

“ನಾನು ದಿನಾ ಒಂದು ಕಟ್ಟು ಪುಸ್ತಕಕ್ಕೆ ರೈಟ್ ಹಾಕ್ತೀನಿ. ತಪ್ಪಾದ ಲೆಕ್ಕಾನ ಮಕ್ಕಳು ಮತ್ತೆ ಮತ್ತೆ ನೋಡ್ತಾರೆ, ಅಳಿಸ್ತಾರೆ, ಪಕ್ಕದವಳನ್ನ ಕೇಳ್ತಾರೆ. ರೈಟ್ ಬಿದ್ದ ಲೆಕ್ಕದ ಕಡೆ ಒಬ್ಬಳೂ ತಿರುಗಿ ನೋಡಲ್ಲ. ಹಾಳೆ ತಿರುಗಿಸ್ತಾರೆ, ಅಷ್ಟೇ. ನಿಮ್ಮ ಪಟ್ಟೀಲಿ ಒಂಬತ್ತನೇದು ನಾನಲ್ವಾ? ನನ್ನ ಮೇಲೆ ರೈಟ್ ಬಿದ್ದ ಮೇಲೆ ನನ್ನ ಗತಿ ಏನು?”

ಅಪ್ಪ ಖಾಲಿ ಲೋಟದ ತಳವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ನನಗೆ ಏನಾದರೂ ಹೇಳಲೇಬೇಕಿತ್ತು. ಹೇಳಿದ್ದು ಇದು:

“ಹತ್ತನೇದು ಜೋಗ. ಅಲ್ಲಿಗೆ ಇಬ್ಬರೂ ಹೋಗಬಹುದು.”

“ಹನ್ನೊಂದನೇದು?”

“ಜೀವವಿಮೆ.”

ಅಜ್ಜಿ ನಕ್ಕ ರಭಸಕ್ಕೆ ಬಾಯಲ್ಲಿದ್ದ ಎಲೆಯಡಿಕೆ ಗಂಟಲಿಗೆ ಹೋಗಿ, ಒಳಗಿನಿಂದ ನೀರು ತರಬೇಕಾಯಿತು. ಅಮ್ಮ ಪರಿಸ್ಥಿತಿ ಸರಿಪಡಿಸಲು, “ಅಡಿಗೆ ಬರುತ್ತೇನಮ್ಮ?” ಎಂದು ಕೇಳಿದರು.

“ಬರುತ್ತೆ. ದಿನಾ ಮಾಡ್ತೀನಿ,” ಎಂದಳು ಹುಡುಗಿ.

ಆಕೆ ‘ದಿನಾ’ ಎಂಬುದನ್ನು ಒತ್ತಿ ಹೇಳಲಿಲ್ಲ. ನನಗೆ ಮಾತ್ರ ಹಾಗೆ ಕೇಳಿಸಿತು.

ಬಸ್ ಸ್ಟಾಪಿಗೆ ನಡೆಯುವಾಗ ಅಮ್ಮ ಕೆಂಡ. “ಏನ್ ಬಾಯಿ ಆ ಹುಡುಗೀದು! ನಮ್ಮ ಕಾಲದಲ್ಲಿ ತಲೆ ಎತ್ತಿದ್ರೆ ಸಾಕು, ಸಂಬಂಧ ತಪ್ಪಿಹೋಗ್ತಿತ್ತು. ಗಂಡಿಗೆ ಪ್ರಶ್ನೆ ಕೇಳೋದಂತೆ, ಗಂಡು ಹಾಡೋದಂತೆ. ಆ ಮುದುಕಿ ಬೇರೆ.”

ಅಪ್ಪ ಯಾವಾಗಿನಂತೆ ಹತ್ತು ಮಾರು ಮುಂದೆ ಹೋಗುತ್ತಿದ್ದರು, ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು. ಜಲ್ಲಿ ರಾಶಿಯ ಹತ್ತಿರ ಅಮ್ಮನ ಚಪ್ಪಲಿ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲು ನಿಂತರು. ಮುಂದೆ ನೋಡಿದರು. ಕೊಡೆ ನಿಲ್ಲದೆ ಹೋಗುತ್ತಲೇ ಇತ್ತು.

“ಮದುವೆ ಆದ ಹೊಸದ್ರಲ್ಲಿ ನಿಮ್ಮಪ್ಪ ನನ್ನ ಲಾಲ್‌ಬಾಗಿಗೆ ಕರ್ಕೊಂಡು ಹೋಗಿದ್ರು ಕಣೋ,” ಎಂದರು ಅಮ್ಮ. ದನಿಯಲ್ಲಿ ಕೆಂಡವಿರಲಿಲ್ಲ. “ಹೂವಿನ ಪ್ರದರ್ಶನಕ್ಕೆ. ನಾನು ಎರಡು ಹೆಜ್ಜೆ ಹಿಂದೆ ಬಿದ್ರೆ ನಿಲ್ತಿದ್ರು.”

“ಈಗ?”

“ಈಗೇನು? ಕಾಣ್ತಿಲ್ವಾ?” ಎಂದು ಚಪ್ಪಲಿ ಮೆಟ್ಟಿಕೊಂಡರು. ನಾಲ್ಕು ಹೆಜ್ಜೆ ಹೋದ ಮೇಲೆ, “ಆ ಹುಡುಗಿ ಕೇಳಿದ್ದು ಅಷ್ಟೇನೂ ತಪ್ಪಿಲ್ಲ ಬಿಡು,” ಎಂದರು.

ಮನೆಗೆ ಬಂದು ಡೈರಿ ತೆಗೆದೆ. ಏಳು ರೈಟ್ ಗುರುತುಗಳು, ಏಳು ತಾರೀಖುಗಳು. ಇಷ್ಟು ದಿನ ಅವುಗಳನ್ನು ಹುಟ್ಟಿದ ದಿನಾಂಕಗಳಂತೆ ನೋಡುತ್ತಿದ್ದೆ. ಅವತ್ತು ಒಂದೊಂದೂ ತಿಥಿಯ ದಿನದಂತೆ ಕಂಡಿತು. ಈಜು ಸತ್ತದ್ದು ಇಂಥ ದಿನ. ಸಂಗೀತ ತೀರಿಕೊಂಡದ್ದು ಇಂಥ ದಿನ.

ಆದರೆ ನಾನೊಬ್ಬನೇ ಹೀಗೇನು? ಪರೀಕ್ಷೆ ಪಾಸಾದ ಮಾರನೆಯ ದಿನ ಪುಸ್ತಕವನ್ನೆಲ್ಲ ಹಳೆ ಪೇಪರಿನವನಿಗೆ ತೂಕಕ್ಕೆ ಹಾಕದ ಮನೆಗಳು ನಮ್ಮ ಬೀದಿಯಲ್ಲಿ ಎಷ್ಟಿವೆ? ಹೆಣ್ಣುಮಕ್ಕಳ ವೀಣೆಯನ್ನೇ ನೋಡಿ. ವರ ಗೊತ್ತಾಗುವವರೆಗೆ ಬೆಳಿಗ್ಗೆ ಸಂಜೆ ನುಡಿಯುತ್ತದೆ. ಮದುವೆಯಾದ ಮೇಲೆ ಗವಸು ತೊಟ್ಟು ಮೂಲೆ ಸೇರುತ್ತದೆ. ಕಷ್ಟಪಟ್ಟು ಮನೆ ಕಟ್ಟಿಸಿದವರು ಗೃಹಪ್ರವೇಶದ ದಿನ ಪ್ರತಿ ಕಿಟಕಿಯನ್ನೂ ತೆರೆದು ತೋರಿಸುತ್ತಾರೆ. ಆಮೇಲೆ ಆ ಕಿಟಕಿಯ ಬಳಿ ಅವರು ನಿಂತದ್ದನ್ನು ಯಾರಾದರೂ ಕಂಡಿದ್ದಾರೆಯೇ? ನಮಗೆ ಬೇಕಾದದ್ದು ಈಜಲ್ಲ, ಈಜು ಬರುತ್ತದೆ ಎನ್ನುವ ಮಾತು.

(ಇಷ್ಟು ದೊಡ್ಡ ತತ್ವವನ್ನು ನಾನು ಕಂಡುಕೊಂಡದ್ದಲ್ಲ. ಒಬ್ಬ ಲೆಕ್ಕದ ಟೀಚರ್ ಬೈದದ್ದನ್ನು ನಿಮಗೆ ಹಂಚುತ್ತಿದ್ದೇನೆ.)

ಸೋಮವಾರ ಆಫೀಸಿನಲ್ಲಿ ಒಂದು ಕಾಗದವೂ ಮುಂದೆ ಹೋಗಲಿಲ್ಲ. ಬೇಡ ಅಂದಿರುತ್ತಾಳೆ ಎಂದು ಬೆಳಿಗ್ಗೆ ಅನ್ನಿಸಿತು. ಮಧ್ಯಾಹ್ನ ಖಂಡಿತ ಬೇಡ ಅಂದಿರುತ್ತಾಳೆ ಅನ್ನಿಸಿತು. ಸಂಜೆ, ಜೀವವಿಮೆ ಎಂದ ನಾಲಿಗೆಯನ್ನು ಏನು ಮಾಡಬೇಕೆಂದು ಯೋಚಿಸುತ್ತಾ ಬಸ್ಸಿನಲ್ಲಿ ಎರಡು ಸ್ಟಾಪು ಮುಂದೆ ಹೋಗಿಬಿಟ್ಟೆ.

ಮಂಗಳವಾರ ಸಂಜೆ ಆಕೆಯ ತಂದೆ ಸೈಕಲ್ಲಿನಲ್ಲಿ ನಮ್ಮ ಮನೆಗೇ ಬಂದರು. ಚಾಪೆಯ ಮೇಲೆ ಕೂತು, ಬೆವರು ಒರೆಸಿಕೊಂಡು, ನನ್ನ ಮುಖ ನೋಡದೆ ಅಪ್ಪನ ಕಡೆ ತಿರುಗಿದರು.

“ತಪ್ಪು ತಿಳ್ಕೋಬಾರದು. ನಮ್ಮ ಹುಡುಗಿ ಬೇಡ ಅಂದಿಲ್ಲ. ಬೇಕು ಅಂತಾನೂ ಅಂದಿಲ್ಲ.”

“ಮತ್ತೆ ಏನಂದ್ಲು?” ಎಂದರು ಅಮ್ಮ.

“ಇನ್ನೊಂದು ಸಲ ಬರಲಿ ಅಂತಾಳೆ. ಈ ಭಾನುವಾರ. ಹುಡುಗ ಒಬ್ಬರೇ ಬಂದ್ರೂ ಪರವಾಗಿಲ್ವಂತೆ. ನಾವೆಲ್ಲ ಮನೇಲೇ ಇರ್ತೀವಿ.”

“ಇದೆಲ್ಲಿಯ ಪದ್ಧತಿ ಸ್ವಾಮಿ?” ಅಮ್ಮನಿಗೆ ಮತ್ತೆ ಕೋಪ ಬಂತು. “ಗಂಡನ್ನ ಎರಡೆರಡು ಸಲ ನೋಡೋದು ಎಲ್ಲಾದ್ರೂ ಉಂಟಾ? ನಮ್ಮವನೇನು ಸೀರೆ ಅಂಗಡೀಲಿರೋ ಸೀರೆನಾ?”

“ನಾನೂ ಅದನ್ನೇ ಕೇಳ್ದೆ ಅಮ್ಮ. ‘ಒಂದು ಸಲ ಎಲ್ಲಾನೂ ಮಾಡ್ತಾರೆ ಅಪ್ಪ. ಎರಡನೇ ಸಲ ಬರ್ತಾರಾ ನೋಡೋಣ’ ಅಂದ್ಲು.”

ಎರಡು ದಿನದಿಂದ ಈ ವಿಷಯದಲ್ಲಿ ಬಾಯಿ ಬಿಡದಿದ್ದ ಅಪ್ಪ ಈಗ ಬಿಟ್ಟರು. “ಹೋಗಿ ಬರ್ಲಿ ಬಿಡೆ,” ಎಂದರು.

ಅಮ್ಮ ಅಪ್ಪನನ್ನು ಒಂದು ಗಳಿಗೆ ನೋಡಿ, ಬಂದವರಿಗೆ ತಿಂಡಿ ತರಲು ಒಳಗೆ ಹೋದರು.

ಹೋಗುತ್ತೇನೆ. ಈ ವಾರದ ಸಂಚಿಕೆ ಆ ಮನೆ ತಲುಪುವುದು ಶುಕ್ರವಾರ. ಇದನ್ನೂ ಆಕೆ ಓದುತ್ತಾಳೆ, ನಾನು ಬಚ್ಚಿಟ್ಟದ್ದೆಲ್ಲ ತಿಳಿಯುತ್ತದೆ. ತಿಳಿಯಲಿ. ಒಂಬತ್ತನೆಯ ಸಾಲನ್ನು ಪಟ್ಟಿಯಿಂದ ಹೊಡೆದುಹಾಕಿದ್ದೇನೆ. ಅದು ಮುಗಿಯುವ ಕೆಲಸವಲ್ಲ ಎಂಬಷ್ಟು ನನಗೂ ಹೊಳೆದಿದೆ. ಆದರೆ ಇಪ್ಪತ್ತೇಳು ವರ್ಷದಲ್ಲಿ ಯಾವುದನ್ನೂ ಎರಡನೆಯ ಸಲ ಮಾಡಿ ಅಭ್ಯಾಸವಿಲ್ಲದವನು ನಾನು. ಮೊದಲ ಸಲ ಹೋದಾಗ ಹೇಳಬೇಕಾದದ್ದು, ಹೇಳಬಾರದ್ದು, ಹಾಡಬಾರದ್ದು, ಎಲ್ಲ ಮುಗಿದಿದೆ.

ಮದುವೆಯಾಗಿ ಹತ್ತಾರು ವರ್ಷ ಕಳೆದಿರುವ ಓದುಗ ಮಹಾಶಯರೇ, ಎರಡನೆಯ ಸಲ ಏನು ಮಾತಾಡಬೇಕು? ನಿಮಗಾದರೂ ಗೊತ್ತಿದೆಯೇ?