ಹಿಂದಿನ ಸೀಟಿನ ಕಂಬಳಿ

"ನಿನ್ ಕುರಿಯಿಂದ್ಲೇ ಕಾರು ಆಫ್ ಆಯ್ತು ನೋಡು!" ಎಂದು ಆ ಕುರಿಗಾಹಿಯ ಮೇಲೆ ರೇಗಿದೆ. ಹೊಸದುರ್ಗ ಇನ್ನೂ ಹತ್ತು ಕಿಲೋಮೀಟರ್ ಇತ್ತು. ರಸ್ತೆ ದಾಟುತ್ತಿದ್ದ ಅವರ ಮಂದೆಗೆಂದು ಬ್ರೇಕ್ ಹಾಕಿದಾಗ ನನ್ನ ಹಳೇ ಕಾರು ನಿಂತೇಹೋಯಿತು. ಕೀ ತಿರುಗಿಸಿದರೆ ಬರೀ ಕಟಕಟ ಸದ್ದು. ಬಾನೆಟ್ ಎತ್ತಿ ಬ್ಯಾಟರಿಯ ವೈರು ಬಿಗಿ ಮಾಡಿದರೂ ಜಗ್ಗಲಿಲ್ಲ. ಬ್ಯಾಟರಿ ಬದಲಿಸಿ ಎಂದು ಮೆಕ್ಯಾನಿಕ್ ಹೇಳಿ ತಿಂಗಳಾಗಿತ್ತು.

ಅರವತ್ತು ದಾಟಿದ ಆ ಮನುಷ್ಯ ತಿರುಗಿ ಬೈಯಲಿಲ್ಲ. ಹೆಗಲ ಮೇಲಿದ್ದ ಕಂಬಳಿಯನ್ನು ಕಿಟಕಿಯಿಂದ ಹಿಂದಿನ ಸೀಟಿಗೆ ಹಾಕಿ, "ಒಳಗೆ ಕುಂತ್ಕಳ್ರಿ, ನಾನು ನೂಕ್ತೀನಿ" ಎಂದರು. ಇಳಿಜಾರಿನಲ್ಲಿ ಕಾರು ಉರುಳಿ ಸ್ಟಾರ್ಟ್ ಆಯಿತು. "ನಿಲ್ಲಿಸ್ಬ್ಯಾಡ್ರಿ, ಮತ್ತೆ ಆಫ್ ಆಗ್ತೈತೆ, ಹಂಗೇ ಹೋಗ್ರಿ!" ಎಂದು ಅವರೇ ಕೂಗಿದರು.

ಸ್ವಲ್ಪ ದೂರ ಹೋಗಿ ಕನ್ನಡಿಯಲ್ಲಿ ನೋಡಿದರೆ ಎರಡೂ ಕೈ ಎತ್ತಿ ಬೀಸುತ್ತಾ ಓಡಿ ಬರುತ್ತಿದ್ದರು. ಬೀಳ್ಕೊಡುತ್ತಿದ್ದಾರೆ ಎಂದುಕೊಂಡು ನಾನೂ ಕೈ ಬೀಸಿದೆ. ಎರಡು ಸಲ ಹಾರ್ನ್ ಕೂಡ ಹೊಡೆದೆ.

ಹೊಸದುರ್ಗದಲ್ಲಿ ಬ್ಯಾಟರಿ ಬದಲಿಸುವಾಗ ಕಂಬಳಿ ಕಣ್ಣಿಗೆ ಬಿತ್ತು. ಆಗಲೇ ವಾಪಸು ಹೊರಡಬಹುದಿತ್ತು. ತಾಲ್ಲೂಕು ಕಚೇರಿಯ ಕೆಲಸ ಮುಗಿಸಿಕೊಂಡೇ, ಸಂಜೆ ಹೋದೆ. ಅಷ್ಟರಲ್ಲಿ ಮಂದೆ ಆ ಜಾಗ ಬಿಟ್ಟಿತ್ತು.

ಈಗ ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ದಾರಿಯಲ್ಲಿ ಕುರಿಮಂದೆ ಕಂಡಾಗಲೆಲ್ಲ ನಿಲ್ಲಿಸಿ ಕಂಬಳಿ ತೋರಿಸುತ್ತೇನೆ. "ಯಾರ್ದ್ರಿ ಇದು?" ಎಂದು ಅಲ್ಲಿನ ಕುರಿಗಾಹಿಗಳು ಕೇಳುತ್ತಾರೆ. ಬೈದಿದ್ದೆ, ಕಾರು ನೂಕಿಸಿಕೊಂಡಿದ್ದೆ. ಹೆಸರು ಮಾತ್ರ ಕೇಳಿರಲಿಲ್ಲ.